ಖೋ ಕೊಡುವುದನ್ನು ರೀಲ್ಸ್‌ನಲ್ಲಿ ಕಲಿಸುವ ಬಗೆ

ವಿಜಯಪುರ, ಇಂಡಿ, ಸಿಂದಗಿ ಕಡೆ ಏಳನೇ ತರಗತಿ ಹುಡುಗರಿಗೆ ರೀಲ್ಸ್ ಏನೂ ಹೊಸದಲ್ಲ. ಪಿ.ಟಿ. ಪಿರಿಯಡ್‌ಗೆ ಅದನ್ನು ತರುವುದಾದರೆ ಕರಾರು ಒಂದೇ: ಒಂದು ವಿಡಿಯೊಗೆ ಒಂದೇ ತಪ್ಪು. ಇಡೀ ಖೋ ಖೋ ಅರ್ಧ ನಿಮಿಷದಲ್ಲಿ ಹಿಡಿಸುವುದಿಲ್ಲ, ಖೋ ಕೊಡುವ ಗಳಿಗೆ ಹಿಡಿಸುತ್ತದೆ.

ಹೊಸಬರು ಫೌಲ್ ಮಾಡುವುದೂ ಅಲ್ಲೇ. ಸಾಲಾಗಿ ಕೂತ ಎಂಟು ಮಂದಿಯಲ್ಲಿ ಒಬ್ಬರ ಮುಖ ಆ ಕಡೆ, ಪಕ್ಕದವರದು ಈ ಕಡೆ. ಓಡುತ್ತ ಬಂದವರು ಹಿಂದಿನಿಂದ ಬೆನ್ನು ಮುಟ್ಟಿ, ಕೇಳುವಂತೆ ‘ಖೋ’ ಅನ್ನಬೇಕು. ಆತುರದ ಹುಡುಗ ಕೈ ತಾಗುವ ಮೊದಲೇ ಎದ್ದಿರುತ್ತಾನೆ. ಎಷ್ಟು ಬೈದರೂ ‘ನಾ ಎದ್ದಿಲ್ರೀ ಸರ್’ ಅಂತಾನೆ. ಪಾಪ, ಅವನಿಗೆ ನಿಜವಾಗಿಯೂ ಗೊತ್ತಾಗಿರುವುದಿಲ್ಲ.

ಶೂಟಿಂಗ್‌ಗೆ ಶನಿವಾರದ ಬೆಳಗಿನ ಶಾಲೆ ಹೇಳಿ ಮಾಡಿಸಿದ್ದು. ಸೂರ್ಯ ನಿಮ್ಮ ಬೆನ್ನಿಗಿರಲಿ. ನಡು ಮಧ್ಯಾಹ್ನ ಹಿಡಿದರೆ ನೆಲ ಬೆಳ್ಳಗೆ ಹೊಳೆದು ಹುಡುಗರು ಕಪ್ಪು ನೆರಳಾಗುತ್ತಾರೆ. ಫೋನನ್ನು ಕೂತವನ ಹೆಗಲ ಎತ್ತರಕ್ಕೆ, ನಾಲ್ಕು ಮೀಟರ್ ದೂರದಲ್ಲಿ, ಪಕ್ಕಕ್ಕೆ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಸ್ಟೂಲಿನ ಮೇಲೆ ಎರಡು ಇಟ್ಟಿಗೆಗಳ ನಡುವೆ ಸಿಗಿಸಿದರಾಯಿತು. ನಿಂತು ಮೇಲಿನಿಂದ ಹಿಡಿದರೆ ಕೈಗೂ ಬೆನ್ನಿಗೂ ನಡುವಿನ ಸಂದು ಕಾಣುವುದಿಲ್ಲ, ಪಾಠ ಇರುವುದೇ ಆ ಸಂದಿನಲ್ಲಿ.

ತಪ್ಪನ್ನು ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ, ಸರಿಯಾದದ್ದನ್ನು ಮಾಮೂಲಿ ವೇಗದಲ್ಲಿ. ಸ್ಲೋ ಮೋಷನ್‌ನಲ್ಲಿ ‘ಖೋ’ ದನಿ ಎಳೆದುಹೋಗುತ್ತದೆ, ಕೆಲವು ಫೋನುಗಳಲ್ಲಿ ದನಿಯೇ ಇರುವುದಿಲ್ಲ. ಮೊದಲು ತಪ್ಪು, ಎಂಟು ಸೆಕೆಂಡು. ಬೆನ್ನು ಮೇಲೆದ್ದು ಕೈ ಇನ್ನೂ ದೂರವಿರುವ ಚಿತ್ರ ಎರಡು ಸೆಕೆಂಡು ನಿಲ್ಲಲಿ. ಆಮೇಲೆ ಸರಿಯಾದದ್ದು ಎರಡು ಸಲ. ಒಟ್ಟು 25 ಸೆಕೆಂಡು ಮೀರದಿರಲಿ. ಹಾಡು ಬೇಡ, ‘ಖೋ’ ಕೇಳಬೇಕು.

ಸ್ಮಾರ್ಟ್ ಕ್ಲಾಸ್ ಟಿವಿಗಾದರೆ ಫೋನು ಅಡ್ಡ ಹಿಡಿಯಿರಿ. ಉದ್ದಕ್ಕೆ ಹಿಡಿದದ್ದು ಟಿವಿಯ ನಡುವೆ ಸಣ್ಣ ಪಟ್ಟಿಯಾಗಿ ಕಾಣುತ್ತದೆ. ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಉದ್ದನೆಯದೇ ಚೆಂದ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರ ಮಸುಕಾಗದು. ಬೇರೆಯವರ ವಿಡಿಯೊ ತೋರಿಸುವುದಿದ್ದರೆ ಮೊದಲೇ ಆಫ್‌ಲೈನ್ ಇಟ್ಟುಕೊಳ್ಳಿ. ಮಕ್ಕಳೆದುರು ಆ್ಯಪ್ ತೆರೆದರೆ ಮುಂದಿನ ರೀಲ್ ಏನು ಬರುತ್ತದೋ ದೇವರೇ ಬಲ್ಲ.

ತೋರಿಸುವುದು ಕ್ಲಾಸಿನೊಳಗೆ, ಎರಡು ಸಲ. ಮೊದಲ ಸಲ ಸುಮ್ಮನಿರಿ. ಎರಡನೇ ಸಲ ‘ಎದ್ದಾಗ ಕೈ ಎಲ್ಲಿತ್ತು?’ ಎಂದು ಕೇಳಿ. ಮೂರು ನಿಮಿಷ ಸಾಕು, ನಡೆಯಿರಿ ಮೈದಾನಕ್ಕೆ. ಅಲ್ಲಿ ನಾಲ್ವರ ಗುಂಪು: ಒಬ್ಬ ಕೂರುವವ, ಒಬ್ಬ ಖೋ ಕೊಡುವವ, ಒಬ್ಬ ನೋಡಿ ಹೇಳುವವ, ಒಬ್ಬ ಫೋನಿನವ. ನಲವತ್ತು ಮಕ್ಕಳಿಗೆ ಹತ್ತು ಗುಂಪು, ಫೋನು ಒಂದೇ. ಗುಂಪಿಗೆ ಎರಡೆರಡು ನಿಮಿಷ ಕೊಟ್ಟರೆ ಇಪ್ಪತ್ತು ನಿಮಿಷದಲ್ಲಿ ಸುತ್ತು ಮುಗಿಯುತ್ತದೆ. ಉಳಿದ ಒಂಬತ್ತು ಗುಂಪು ಆಡುತ್ತಲೇ ಇರಬೇಕು. ಎಲ್ಲರೂ ಫೋನಿನ ಸುತ್ತ ಮುತ್ತಿಕೊಂಡರೆ ಪಿರಿಯಡ್ ಹಾಳು.

‘ಮನೆಯಿಂದ ವಿಡಿಯೊ ಮಾಡಿ ಕಳಿಸಿ’ ಎನ್ನುವ ಹೋಮ್‌ವರ್ಕ್ ಮಾತ್ರ ಬೇಡ. ಮನೆಯ ಒಂದೇ ಫೋನು ಅಪ್ಪನ ಜೊತೆ ಹೊಲಕ್ಕೆ ಹೋಗಿರುತ್ತದೆ.

ಇನ್‌ಸ್ಟಾಗ್ರಾಮ್ ಖಾತೆಗೆ 13 ವರ್ಷ ತುಂಬಿರಬೇಕು, ಹಾಗಾಗಿ ಮಕ್ಕಳ ಹೆಸರಲ್ಲಿ ಖಾತೆ ತೆರೆಸಬೇಡಿ. ಹೊರಗೆ ಹಾಕುವ ಯಾವುದೇ ವಿಡಿಯೊಗೆ ಪಾಲಕರ ಸಹಿ ಮೊದಲು. ಈ ಪಾಠಕ್ಕಂತೂ ಮುಖವೇ ಬೇಕಿಲ್ಲ, ಬೆನ್ನು ಮತ್ತು ಕೈ ಕಂಡರೆ ಸಾಕು. ಯಾರಾದರೂ ಬಿದ್ದ ತುಣುಕಿದ್ದರೆ ಮಕ್ಕಳ ಎದುರೇ ಅಳಿಸಿ, ‘ಇತ್ತೀಚೆಗೆ ಅಳಿಸಿದ್ದು’ ಫೋಲ್ಡರ್‌ನಿಂದಲೂ.