ನರ್ಸರಿ ಸುತ್ತಾಟ: ಗಿಡ ಬಾಡದೆ ಮನೆ ಸೇರಬೇಕಾದರೆ

ಬೆಂಗಳೂರಿನಲ್ಲಿ ನರ್ಸರಿ ಸುತ್ತುವುದಾದರೆ ಒಂದು ದಿನಕ್ಕೆ ಒಂದೇ ದಿಕ್ಕು ಸಾಕು. ಸಿದ್ದಾಪುರ, ಹೆಸರಘಟ್ಟ ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಲು ಹೊರಟರೆ ಕೊಂಡ ಗಿಡಗಳು ಟ್ರಾಫಿಕ್‌ನಲ್ಲೇ ಬೇಯುತ್ತವೆ. ಅಲಂಕಾರದ ಗಿಡ, ಕುಂಡ ಬೇಕಿದ್ದರೆ ಲಾಲ್‌ಬಾಗ್‌ನ ಸಿದ್ದಾಪುರ ಗೇಟಿನ ಆಸುಪಾಸು ನಡೆದೇ ನೋಡಬಹುದು. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಆ ಕಡೆ ಗಾಡಿ ತಿರುಗಿಸಬೇಡಿ. ಹಣ್ಣಿನ ಗಿಡ, ತರಕಾರಿ ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ. ಅರ್ಕಾ ಕಿರಣ್ ಸೀಬೆ, ಅರ್ಕಾ ರಕ್ಷಕ್ ಟೊಮೆಟೊ ಅಲ್ಲಿಯದೇ ತಳಿಗಳು. ರಜಾದಿನ ನೋಡಿಕೊಂಡು, ಬೇಕಾದದ್ದು ಇದೆಯೇ ಎಂದು ಫೋನಿನಲ್ಲಿ ವಿಚಾರಿಸಿ ಹೊರಡಿ.

ಡಿಕ್ಕಿಯಲ್ಲಿ ಎರಡು ತರಕಾರಿ ಕ್ರೇಟ್, ಗೋಣಿಚೀಲ, ಹಳೆ ಪೇಪರ್, ಸೆಣಬಿನ ಹುರಿ, ನೀರಿನ ಬಾಟಲಿ ಇರಲಿ.

ನರ್ಸರಿಯಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದದ್ದು: ‘ಇದು ಇಲ್ಲೇ ಬೆಳೆಸಿದ್ದಾ, ಲೋಡಲ್ಲಿ ಬಂದದ್ದಾ? ಬಂದು ಎಷ್ಟು ದಿನ ಆಯ್ತು?’ ಆಂಧ್ರದ ಕಡಿಯಂ, ಪುಣೆ ಕಡೆಯಿಂದ ನಗರಕ್ಕೆ ಲಾರಿಗಟ್ಟಲೆ ಗಿಡ ಬರುತ್ತದೆ. ಕಡಿಯಂ ಇರುವ ಗೋದಾವರಿ ಸೀಮೆಯ ತೇವದ ಗಾಳಿಯಲ್ಲಿ, ನೆರಳು ಬಲೆಯಡಿ ಬೆಳೆದದ್ದು ಇಲ್ಲಿನ ಒಣ ಹವೆಗೆ ಬಂದಾಗ ಎಲೆ ಉದುರಿಸುತ್ತದೆ. ಆಮೇಲೆ ನಾವು ನೀರು ಕಡಿಮೆಯಾಯಿತೆಂದು ದಿನಕ್ಕೆರಡು ಸಲ ಸುರಿದು ಬೇರು ಕೊಳೆಸುತ್ತೇವೆ! ನರ್ಸರಿಯಲ್ಲೇ ಎರಡು ಮೂರು ವಾರ ನಿಂತು ಹೊಸ ಚಿಗುರು ಬಿಟ್ಟದ್ದನ್ನು ಆರಿಸಿ. ಮೈತುಂಬ ಹೂವಿರುವುದಕ್ಕಿಂತ ಮೊಗ್ಗಿರುವುದು ಮೇಲು.

ಎಲೆ ತಿರುಗಿಸಿ ನೋಡಿ. ಎಲೆಕಂಕುಳಲ್ಲಿ ಹತ್ತಿಯಂಥ ಬಿಳಿ ಗಂಟಿದ್ದರೆ ಹಿಟ್ಟು ತಿಗಣೆ. ಅಲುಗಿಸಿದಾಗ ಪುರ್ರೆಂದು ಹಾರಿದರೆ ಬಿಳಿ ನೊಣ. ಎರಡನ್ನೂ ಅಲ್ಲೇ ಬಿಡಿ. ಚೀಲದ ತಳದಿಂದ ದಪ್ಪ ಬೇರು ಹೊರಬಿದ್ದು ನೆಲಕ್ಕೆ ಇಳಿದಿದ್ದರೆ ಎತ್ತುವಾಗಲೇ ಅದು ಹರಿಯುತ್ತದೆ, ಗಿಡ ಬಾಡುತ್ತದೆ. ಕಸಿ ಗಿಡದಲ್ಲಿ ಎರಡು ಗಿಡ ಕೂಡಿಸಿದ ಜಾಗ, ಅಂದರೆ ಕಸಿ ಗಂಟು, ಕಣ್ಣಿಗೆ ಕಾಣಬೇಕು, ಚಿಗುರು ಅದರ ಮೇಲಿನಿಂದ ಬಂದಿರಬೇಕು. ಗಂಟಿನ ಕೆಳಗಿನ ಚಿಗುರಷ್ಟೇ ಸೊಂಪಾಗಿದ್ದರೆ ನೀವು ಕೊಳ್ಳುತ್ತಿರುವುದು ಕಸಿಗೆ ಬುಡವಾಗಿ ಬಳಸಿದ ಬೇರುಸಸಿಯನ್ನು, ನೀವು ಕೇಳಿದ ತಳಿಯನ್ನಲ್ಲ.

ಮಣ್ಣು ತೇವವಾಗಿರಲಿ, ನೀರು ತೊಟ್ಟಿಕ್ಕಬಾರದು. ಒಣ ಕೆಮ್ಮಣ್ಣಿನ ಹೆಂಟೆ ದಾರಿಯಲ್ಲಿ ಬಿರಿದು ಎಳೆ ಬೇರುಗಳನ್ನು ಕಿತ್ತುಹಾಕುತ್ತದೆ. ಕ್ರೇಟಿನಲ್ಲಿ ಒತ್ತಾಗಿ ನಿಲ್ಲಿಸಿ, ಸಂದಿಗೆ ಪೇಪರ್ ತುರುಕಿ. ಎತ್ತರದ ಗಿಡವನ್ನು ಕಿಟಕಿಯಾಚೆ ಚಾಚಬೇಡಿ, ಗಾಳಿಗೆ ಎಲೆ ಸೀಳುತ್ತದೆ. ರೆಂಬೆಗಳನ್ನು ಸಡಿಲವಾಗಿ ಹುರಿಯಿಂದ ಕಟ್ಟಿ, ಬೇರು ಸೀಟಿನ ಬುಡಕ್ಕೂ ತಲೆ ಹಿಂದಕ್ಕೂ ಇರುವಂತೆ ಓರೆಯಾಗಿ ಮಲಗಿಸಿ. ಊಟಕ್ಕೆ ನಿಲ್ಲುವುದಾದರೆ ಗಾಡಿ ನೆರಳಲ್ಲಿರಲಿ, ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಮುಚ್ಚಿದ ಕಾರಿನಲ್ಲಿ ಅರ್ಧ ಗಂಟೆ ಸಾಕು, ಎಳೆ ಚಿಗುರು ಜೋತುಬೀಳಲು.

ಮನೆಗೆ ತಂದದ್ದನ್ನು ಅದೇ ದಿನ ಕುಂಡಕ್ಕೆ ಹಾಕುವ ಆತುರ ಬೇಡ. ಹಳೆ ಗಿಡಗಳಿಂದ ದೂರ, ಬೆಳಗಿನ ಬಿಸಿಲಷ್ಟೇ ಬೀಳುವ ಕಡೆ ಹತ್ತು ದಿನ ಇಡಿ. ಹುಳು ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಆಮೇಲೆ 2 ಇಂಚು ಅಗಲ ಹೆಚ್ಚಿರುವ ಕುಂಡಕ್ಕೆ ಬದಲಾಯಿಸಿ: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೋಕೋಪಿಟ್ (ತೆಂಗಿನ ನಾರಿನ ಪುಡಿ). ಗಿಡವನ್ನು ಕಾಂಡ ಹಿಡಿದು ಎಳೆಯದೆ ಚೀಲವನ್ನೇ ಬ್ಲೇಡಿನಿಂದ ಸೀಳಿ ತೆಗೆಯಿರಿ. ಕಸಿ ಗಂಟು ಮಣ್ಣಿನಿಂದ ಮೂರು ಬೆರಳು ಮೇಲಿರಲಿ.