ಡಿಪೆಂಡೆಂಟ್ ವೀಸಾದಲ್ಲಿ ಬ್ರಿಟನ್ನಿಗೆ ಬಂದ ಹೆಣ್ಣುಮಕ್ಕಳಿಗೆ

ಬ್ಯಾಂಕ್ ಅಕೌಂಟ್, ಜಿಪಿ (ನಮ್ಮ ಬಡಾವಣೆಯ ಡಾಕ್ಟರ್) ನೋಂದಣಿ, ಕೆಲಸಕ್ಕೂ ತೆರಿಗೆಗೂ ಬೇಕಾಗುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಎಲ್ಲ ಬಂದ ಕೂಡಲೇ ಮಾಡಿಸಿಕೊಳ್ಳಿ. ಹೇಗೆ ಅಂತ ಯಾರು ಬೇಕಾದರೂ ಹೇಳುತ್ತಾರೆ. ನಾನು ಹೇಳುವುದು ಇಷ್ಟೇ: ಎಲ್ಲವೂ ನಿಮ್ಮ ಹೆಸರಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಲಿ.

ಅದರಲ್ಲೂ ಇ-ವೀಸಾ. ಹಳೆಯ ವೀಸಾ ಕಾರ್ಡ್ 2024ರ ಕೊನೆಗೆ ಮುಗಿಯಿತು, ಈಗ ಎಲ್ಲ ಆನ್‌ಲೈನ್. ಹೆಂಡತಿಯ ಇ-ವೀಸಾ ಅಕೌಂಟನ್ನೂ ಗಂಡನ ಇಮೇಲಿಗೇ ಜೋಡಿಸಿದ ಮನೆಗಳು ನಮ್ಮಲ್ಲಿ ಎಷ್ಟೋ. 'ಅವರೇ ಎಲ್ಲಾ ನೋಡ್ಕೋತಾರೆ' ಅಂತ ಹೆಮ್ಮೆ ಬೇರೆ! ಊರಲ್ಲಾದರೆ ಪಾಸ್‌ಬುಕ್ ಗಂಡನ ಬೀರುವಿನಲ್ಲಿದ್ದರೂ ನಡೆಯುತ್ತದೆ, ತವರಿಗೆ ಒಂದು ಬಸ್ಸು ಹತ್ತಿದರೆ ಸಾಕು. ಇಲ್ಲಿ ಆ ಅಕೌಂಟಿನಿಂದ ಶೇರ್ ಕೋಡ್, ಅಂದರೆ ವೀಸಾ ಇದೆ ಅಂತ ತೋರಿಸುವ ನಂಬರ್, ತೆಗೆಯಲಾಗದಿದ್ದರೆ ಕೆಲಸಕ್ಕೂ ಕಷ್ಟ, ಬಾಡಿಗೆ ಮನೆಗೂ ಕಷ್ಟ.

ನಿಮ್ಮ ವೀಸಾದಲ್ಲಿ 'ನೋ ಪಬ್ಲಿಕ್ ಫಂಡ್ಸ್' ಅಂತ ಇರುತ್ತದೆ, ಅಂದರೆ ಸರ್ಕಾರದ ಧನಸಹಾಯ ಇಲ್ಲ. ದುಡಿದರೆ ತೆರಿಗೆ ಕಟ್ಟಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜನ್ನು ಮೊದಲೇ ವಸೂಲಿ ಮಾಡಿರುತ್ತಾರೆ. ಆದರೂ ಕಡಿಮೆ ಆದಾಯದವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್ ಇಲ್ಲ, ಬಾಡಿಗೆಗೆ ಕೊಡುವ ಹೌಸಿಂಗ್ ಬೆನಿಫಿಟ್ ಇಲ್ಲ, ಚೈಲ್ಡ್ ಬೆನಿಫಿಟ್ ಇಲ್ಲ. ಹೊಡೆತ ತಿಂದು ಓಡಿಬಂದ ಹೆಂಗಸರು ಉಳಿಯುವ ರೆಫ್ಯೂಜ್‌ಗಳ ಬಾಡಿಗೆ ಬಹುಪಾಲು ಹೌಸಿಂಗ್ ಬೆನಿಫಿಟ್ಟಿನಿಂದಲೇ ಬರುತ್ತದೆ. ಅದು ಸಿಗದವಳಿಗೆ ಅಲ್ಲಿ ಜಾಗ ಸಿಗುವುದೂ ಕಷ್ಟ. ಬಾಡಿಗೆ ಕಟ್ಟಲು ದುಡ್ಡಿಲ್ಲ ಅಂತಲೇ ಎಷ್ಟೋ ಜನ ಏಟು ತಿಂದುಕೊಂಡು ಇರುತ್ತಾರೆ, ಧೈರ್ಯ ಇಲ್ಲದೆ ಅಲ್ಲ.

ಹಾಗಂತ ಎಲ್ಲದಕ್ಕೂ ಹೆದರಬೇಡಿ. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ), ಸರ್ಕಾರಿ ಶಾಲೆ, ಫುಡ್ ಬ್ಯಾಂಕ್ ಯಾವುದೂ ಪಬ್ಲಿಕ್ ಫಂಡ್ಸ್ ಅಲ್ಲ. ಆದಾಯ ಕಡಿಮೆಯಿದ್ದರೆ ಇಂಗ್ಲೆಂಡಿನಲ್ಲಿ ಮಕ್ಕಳ ಶಾಲೆಯ ಉಚಿತ ಊಟಕ್ಕೂ ಅರ್ಜಿ ಹಾಕಬಹುದು. ಮಗು ಕಷ್ಟದಲ್ಲಿದ್ದರೆ 1989ರ ಮಕ್ಕಳ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೌನ್ಸಿಲ್ ನೆರವು ಕೊಡಬಹುದು. ಫುಡ್ ಬ್ಯಾಂಕಿಗೆ ಹೆಚ್ಚಾಗಿ ಚೀಟಿ ಬೇಕು, ಜಿಪಿ ಅಥವಾ ಶಾಲೆಯಲ್ಲಿ ಕೇಳಿ. ಲಂಡನ್ನಿನ ಸೌತಾಲ್ ಗುರುದ್ವಾರದ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಚಿತ ಊಟ ಹಾಕುವಲ್ಲಿ, ಅದೂ ಬೇಡ. ಯುಗಾದಿಗೆ ಹೋಳಿಗೆ ಹಂಚಿಕೊಂಡು ತಿನ್ನುವ ನಮ್ಮವರು, ಫುಡ್ ಬ್ಯಾಂಕಿಗೋ ಲಂಗರಿಗೋ ಹೋದವಳನ್ನು ಕಂಡರೆ ಪಿಸುಗುಟ್ಟುತ್ತಾರೆ. ಪಿಸುಗುಟ್ಟಲಿ ಬಿಡಿ.

ಹೊಸದಾಗಿ ಬಂದವರಿಗೆ ನಾವು ಹಳಬರು 'ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲಾಗುತ್ತೆ, ಒಬ್ಬಳೇ ಓಡಾಡಬೇಡ' ಅಂತ ಹೇಳುತ್ತೇವೆ. ಮನೆಯೊಳಗಿನ ಮಾತು ಎತ್ತುವುದೇ ಇಲ್ಲ. ಎತ್ತಿದವಳಿಗೆ 'ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಅನ್ನುತ್ತೇವೆ. ಊರಲ್ಲಿ ಜಗಳ ಜೋರಾದರೆ ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಾದರೂ ಬಂದು ನಿಲ್ಲುತ್ತಿದ್ದರು. ಇಲ್ಲಿ ಡಬಲ್ ಗ್ಲೇಜಿಂಗ್ ಕಿಟಕಿ. ಕೂಗಿದ್ದು ಹೊರಗೆ ಕೇಳಿಸುವುದಿಲ್ಲ.

'ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ' ಅನ್ನುವ ಬೆದರಿಕೆ ಅರ್ಧ ನಿಜ. ಸಂಬಂಧ ಮುರಿದರೆ ವೀಸಾ ಕೊಡುವ ಇಲಾಖೆ ಹೋಮ್ ಆಫೀಸು ವೀಸಾ ಮೊಟಕು ಮಾಡಬಹುದು. ಆದರೆ ಅದು ಗಂಡನ ಕೈಯಲ್ಲಿಲ್ಲ. ಹೆದರಿಸಿ ಹಿಡಿತದಲ್ಲಿ ಇಟ್ಟುಕೊಳ್ಳುವುದು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2015ರಿಂದ ಅಪರಾಧ. ದುಡ್ಡು ಕೊಡದೆ ಸತಾಯಿಸುವುದನ್ನೂ 2021ರ ಕಾನೂನು ದೌರ್ಜನ್ಯ ಎಂದೇ ಲೆಕ್ಕ ಹಾಕುತ್ತದೆ. ಗಂಡ ಬ್ರಿಟಿಷ್ ಪ್ರಜೆಯಾಗಿದ್ದರೆ ಅಥವಾ ಕಾಯಂ ವಾಸದ ಹಕ್ಕು ಪಡೆದವನಾಗಿದ್ದರೆ, ದೌರ್ಜನ್ಯದ ಕಾರಣಕ್ಕೆ ನೀವೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅವನು ವರ್ಕ್ ವೀಸಾದಲ್ಲಿದ್ದರೆ, ಅಂದರೆ ನಮ್ಮ ಹೆಚ್ಚಿನ ಐಟಿ ಮನೆಗಳಲ್ಲಿ, 2024ರಿಂದ ಮೂರು ತಿಂಗಳ ರಿಯಾಯಿತಿ ವೀಸಾ ಉಂಟು. ಅದರಲ್ಲಿ ಸರ್ಕಾರಿ ನೆರವು ಸಿಗುತ್ತದೆ. ಮುಂದೆ ಕಾಯಂ ವಾಸದ ದಾರಿ ಅದರಲ್ಲಿಲ್ಲ. ಅಷ್ಟೇ ಅಲ್ಲ, ಅದನ್ನು ಪಡೆದರೆ ಈಗಿರುವ ವೀಸಾ ಹೋಗುತ್ತದೆ. ಆದ್ದರಿಂದ ವಲಸೆ ವಕೀಲರನ್ನು ಕೇಳದೆ ಅರ್ಜಿ ಹಾಕಬೇಡಿ. 1979ರಿಂದ ಕೆಲಸ ಮಾಡುತ್ತಿರುವ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಸ್ಥೆಗೆ ನಮ್ಮಂಥ ಮನೆಗಳ ಕಥೆ ಚೆನ್ನಾಗಿ ಗೊತ್ತು.

ಜೀವಕ್ಕೆ ಅಪಾಯ ಇದ್ದರೆ 999. ಮೊಬೈಲಿನಿಂದ ಮಾತಾಡಲು ಆಗದಿದ್ದರೆ, ಆಪರೇಟರ್ ಹೇಳಿದಾಗ 55 ಒತ್ತಿ, ಕರೆ ಪೊಲೀಸರಿಗೆ ಹೋಗುತ್ತದೆ. ನೀವು ಎಲ್ಲಿದ್ದೀರಿ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ, ಆದ್ದರಿಂದ ಪಿಸುದನಿಯಲ್ಲಾದರೂ ವಿಳಾಸ ಹೇಳಲು ನೋಡಿ. ಸಲಹೆಗೆ ಗೃಹ ದೌರ್ಜನ್ಯ ಸಹಾಯವಾಣಿ 0808 2000 247, ಹಗಲು ರಾತ್ರಿ ಉಚಿತ.

ಕೊನೆಗೆ ಮಕ್ಕಳ ವಿಷಯ. ಇಲ್ಲಿ ಹುಟ್ಟಿದವರಿಗೆ ನಮಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತದೆ ಅಂತ ಡಾಕ್ಟರ ಮುಂದೆ, ಪೊಲೀಸರ ಮುಂದೆ ಅವರನ್ನೇ ಕೂರಿಸುತ್ತೇವೆ. ಅಮ್ಮನಿಗೆ ಬಿದ್ದ ಏಟನ್ನು ಎಂಟು ವರ್ಷದ ಮಗು ಅನುವಾದ ಮಾಡಬೇಕಾ? ದುಭಾಷಿ ಕೇಳಿ, ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ಹಿಂದಿಯವರನ್ನು ಕಳಿಸುತ್ತೇವೆ ಅಂದರೆ, ಸಂಕೋಚಪಡದೆ ಕನ್ನಡದವರೇ ಬೇಕು ಅನ್ನಿ.