ಬಾಯಿಮಾತು ಸಾಲದು, ಬರೆದು ಕೊಡಿ: ಸರ್ಕಾರಿ ಶಾಲೆಯ ವಿಶೇಷ ಶಿಕ್ಷಣ, ಹೊಸ ಕುಟುಂಬಗಳಿಗೆ

ನಮ್ಮ ಕನ್ನಡ ಸಂಘದ ಕಳೆದ ಯುಗಾದಿಯ ಊಟದ ಹೊತ್ತಿನಲ್ಲಿ ಒಬ್ಬ ತಾಯಿ ನನ್ನ ಪಕ್ಕದಲ್ಲಿ ಬಂದು ಕುಳಿತು, ದನಿ ತಗ್ಗಿಸಿ ಕೇಳಿದರು: ‘ನಮ್ಮ ಹುಡುಗನಿಗೆ ಮೂರೂವರೆ ವರ್ಷ. ಇನ್ನೂ ಎರಡು ಮಾತು ಕೂಡಿಸುವುದಿಲ್ಲ. ಕಿಂಡರ್‌ಗಾರ್ಟನ್‌ಗೆ ಐದು ವರ್ಷ ಆಗಬೇಕಂತೆ. ಅಲ್ಲಿಯವರೆಗೆ ಏನು ಮಾಡಲಿ?’ ಅವರು ಬೆಂಗಳೂರಿನಿಂದ ಅಮೆರಿಕಕ್ಕೆ ಬಂದು ಎಂಟು ತಿಂಗಳಾಗಿತ್ತು. ಖರ್ಚಿಲ್ಲದೆ ಸಿಗಬಹುದಾಗಿದ್ದ ಸ್ಪೀಚ್ ಥೆರಪಿ ಆ ಎಂಟು ತಿಂಗಳಲ್ಲಿ ಮಗುವಿಗೆ ಸಿಕ್ಕಿರಲಿಲ್ಲ. ಕೇಳಬಹುದು ಎಂದು ಅವರಿಗೆ ಯಾರೂ ಹೇಳಿರಲೇ ಇಲ್ಲ. ಈ ಬರಹ ಅಂಥ ತಂದೆ ತಾಯಿಗಳಿಗಾಗಿ. ಇಲ್ಲಿರುವ ದಿನಗಳ ಲೆಕ್ಕ ಕ್ಯಾಲಿಫೋರ್ನಿಯಾದ್ದು. ಬೇರೆ ರಾಜ್ಯಗಳಲ್ಲೂ ಮೂಲ ಕಾನೂನು ಇದೇ, ಗಡುವುಗಳು ಮಾತ್ರ ಬೇರೆ ಇರಬಹುದು.

ಅಮೆರಿಕದ ಕಾಂಗ್ರೆಸ್ 1975ರಲ್ಲಿ ಮಾಡಿದ ಒಂದು ಕಾನೂನಿಗೆ 1990ರಿಂದ ಐಡಿಇಎ ಎಂಬ ಹೆಸರಿದೆ. ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆಯಿಂದಾಗಿ ವಿಶೇಷ ಬೋಧನೆ ಬೇಕಾದ ಮಗುವಿಗೆ ಅದಕ್ಕೆ ಒಗ್ಗುವ ಶಿಕ್ಷಣವನ್ನು ಸರ್ಕಾರಿ ಶಾಲೆ ಉಚಿತವಾಗಿ ಕೊಡಲೇಬೇಕು ಎಂಬುದು ಅದರ ಸಾರ. ಈ ಹಕ್ಕು ಮೂರು ವರ್ಷ ತುಂಬಿದ ದಿನದಿಂದ ಶುರುವಾಗುತ್ತದೆ. ಮಗು ಇನ್ನೂ ಯಾವ ಶಾಲೆಗೂ ಸೇರಿರಬೇಕಾಗಿಲ್ಲ. ನೀವು ವಾಸವಿರುವ ವಿಳಾಸ ಯಾವ ಸ್ಥಳೀಯ ಸರ್ಕಾರಿ ಶಾಲಾ ಆಡಳಿತಕ್ಕೆ, ಅಂದರೆ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಸೇರುತ್ತದೋ ಅಲ್ಲಿಗೆ ಪತ್ರ ಬರೆದರೆ ಸಾಕು. ಮೂರು ವರ್ಷದೊಳಗಿನ ಮಗುವಾದರೆ ದಾರಿ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 21 ರೀಜನಲ್ ಸೆಂಟರ್‌ಗಳಿದ್ದು, ಪುಟ್ಟ ಮಕ್ಕಳ ಬೆಳವಣಿಗೆಗೆ ನೆರವಾಗುವ ಅರ್ಲಿ ಸ್ಟಾರ್ಟ್ ಎಂಬ ಯೋಜನೆಯನ್ನು ಅವು ನಡೆಸುತ್ತವೆ. ಸನ್ನಿವೇಲ್, ಸ್ಯಾನ್ ಹೋಸೆ ಕಡೆಯವರಿಗೆ ಸ್ಯಾನ್ ಆಂಡ್ರಿಯಾಸ್ ರೀಜನಲ್ ಸೆಂಟರ್, ಫ್ರೀಮಾಂಟ್ ಕಡೆಯವರಿಗೆ ರೀಜನಲ್ ಸೆಂಟರ್ ಆಫ್ ದಿ ಈಸ್ಟ್ ಬೇ. ವೈದ್ಯರ ಚೀಟಿಗಾಗಿ ಕಾಯಬೇಡಿ, ನೀವೇ ಫೋನ್ ಮಾಡಬಹುದು. ಕೇಳಿಕೊಂಡ 45 ದಿನಗಳೊಳಗೆ ಮಗುವಿನ ಪರೀಕ್ಷೆ ಮತ್ತು ಯೋಜನೆಯ ಸಭೆ ಮುಗಿಯಬೇಕು.

ವೀಸಾ ಬಗ್ಗೆ ಅಂಜಿಕೆ ಬೇಡ. ತಂದೆ ತಾಯಿಯ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ಮೇಲೆ ಬಂದ ಮಗುವಿಗೂ ಇಲ್ಲೇ ಹುಟ್ಟಿದ ಮಗುವಿಗೂ ಶಾಲೆಯ ಬಾಗಿಲಲ್ಲಿ ಭೇದವಿಲ್ಲ. ವಲಸೆಯ ಸ್ಥಿತಿಯನ್ನು ನೆಪ ಮಾಡಿ ಮಗುವಿಗೆ ಸರ್ಕಾರಿ ಶಾಲೆಯನ್ನು ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನಾವು ಬೆಳೆದ ಕಡೆ ಮೇಷ್ಟರ ಮುಂದೆ ನಿಂತು ಬಾಯಲ್ಲಿ ಹೇಳಿಕೊಳ್ಳುವುದೇ ರೂಢಿ. ‘ಸ್ವಲ್ಪ ನೋಡಿಕೊಳ್ಳಿ ಮೇಡಂ’ ಎಂದು ಕೈಮುಗಿದು ಬರುತ್ತಿದ್ದೆವು. ಇಲ್ಲಿ ಆ ಮಾತು ಗಾಳಿಗೆ ಹೋಗುತ್ತದೆ. ಕಾನೂನಿನ ದಿನಗಣನೆ ಶುರುವಾಗುವುದು ನಿಮ್ಮ ಲಿಖಿತ ಕೋರಿಕೆ ಅವರ ಕೈಸೇರಿದ ದಿನದಿಂದ. ಕೋರಿಕೆ ಉದ್ದವಾಗಿರಬೇಕಿಲ್ಲ. ಮಗುವಿನ ಹೆಸರು, ಹುಟ್ಟಿದ ದಿನ, ತರಗತಿ. ನೀವು ಗಮನಿಸಿದ ಮೂರು ನಾಲ್ಕು ಸಂಗತಿಗಳು. ಕೊನೆಗೆ ‘ವಿಶೇಷ ಶಿಕ್ಷಣಕ್ಕಾಗಿ ನನ್ನ ಮಗುವಿನ ಸಂಪೂರ್ಣ ಅಸೆಸ್‌ಮೆಂಟ್ ಮಾಡಬೇಕೆಂದು ಕೋರುತ್ತೇನೆ’ ಎಂಬ ಒಂದು ಸಾಲು. ಅಸೆಸ್‌ಮೆಂಟ್ ಎಂದರೆ ಮಗುವಿನ ಅಗತ್ಯಗಳನ್ನು ಅಳೆಯುವ ಪರೀಕ್ಷೆಗಳು. ಇದನ್ನು ಪ್ರಿನ್ಸಿಪಾಲರಿಗೂ ಡಿಸ್ಟ್ರಿಕ್ಟ್‌ನ ವಿಶೇಷ ಶಿಕ್ಷಣ ವಿಭಾಗಕ್ಕೂ ಇಮೇಲ್ ಮಾಡಿ. ಇಮೇಲ್‌ನ ದಿನಾಂಕವೇ ನಿಮ್ಮ ಸಾಕ್ಷಿ. ಅಲ್ಲಿಂದ 15 ದಿನಗಳೊಳಗೆ, ಯಾವ ಯಾವ ಪರೀಕ್ಷೆ ಮಾಡುತ್ತಾರೆಂದು ತಿಳಿಸುವ ಅಸೆಸ್‌ಮೆಂಟ್ ಪ್ಲಾನ್ ಎಂಬ ಕಾಗದ ನಿಮಗೆ ಬರಬೇಕು. ಓದಿ ತೀರ್ಮಾನಿಸಲು ನಿಮಗೆ ಕನಿಷ್ಠ 15 ದಿನ ಸಮಯವಿದೆ. ನೀವು ಸಹಿ ಮಾಡಿದ ಪ್ರತಿ ಅವರಿಗೆ ತಲುಪಿದ 60 ದಿನಗಳೊಳಗೆ ಪರೀಕ್ಷೆಗಳೆಲ್ಲ ಮುಗಿದು ಸಭೆ ನಡೆಯಬೇಕು. ಬೇಸಿಗೆಯಂತಹ ದೀರ್ಘ ರಜೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಮಾರ್ಚ್‌ನಲ್ಲಿ ಬರೆಯಬಹುದಾದ ಪತ್ರವನ್ನು ಜೂನ್‌ಗೆ ತಳ್ಳಬೇಡಿ. ಸುಮ್ಮನೆ ಒಂದು ಬೇಸಿಗೆ ಕಳೆದುಹೋಗುತ್ತದೆ.

‘ಇನ್ನೂ ಹೊಸದಾಗಿ ಬಂದಿದ್ದಾನೆ, ಇಂಗ್ಲಿಷ್ ಬಂದ ಮೇಲೆ ಸರಿಹೋಗುತ್ತದೆ’, ‘ತರಗತಿಯಲ್ಲೇ ಕೆಲವು ತಿಂಗಳು ಹೆಚ್ಚಿನ ಸಹಾಯ ಕೊಟ್ಟು ನೋಡೋಣ’ ಎಂಬ ಉತ್ತರ ಬರಬಹುದು. ಹೇಳುವವರ ಮನಸ್ಸು ಒಳ್ಳೆಯದೇ ಇರುತ್ತದೆ. ಆದರೆ ತರಗತಿಯ ಸಹಾಯ ಮತ್ತು ಅಸೆಸ್‌ಮೆಂಟ್ ಎರಡೂ ಜೊತೆಜೊತೆಯಾಗಿ ನಡೆಯಬಹುದು. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಮುಂದೂಡುವಂತಿಲ್ಲ. ಶಾಲೆ ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಅದನ್ನು ಕೇಳಿ ಪಡೆಯಿರಿ.

ಭಾಷೆಯ ವಿಷಯ ನಮ್ಮವರನ್ನು ತುಂಬ ಕಾಡುತ್ತದೆ. ಇಂಗ್ಲಿಷ್ ಬಾರದು ಎಂಬುದೊಂದೇ ಕಾರಣಕ್ಕೆ ಯಾವ ಮಗುವನ್ನೂ ವಿಶೇಷ ಶಿಕ್ಷಣಕ್ಕೆ ಸೇರಿಸುವಂತಿಲ್ಲ. ಕನ್ನಡ ಮಾತಾಡುವ ಮಗುವನ್ನು ಬರೀ ಇಂಗ್ಲಿಷ್‌ನಲ್ಲಿ ಅಳೆದು ತೀರ್ಮಾನಿಸುವುದೂ ತಪ್ಪು. ಸಾಧ್ಯವಿರುವಷ್ಟು ಮಟ್ಟಿಗೆ ಮಗುವಿನ ಭಾಷೆಯಲ್ಲೇ ಪರೀಕ್ಷೆ ನಡೆಯಬೇಕೆಂದು ಕಾನೂನು ಹೇಳುತ್ತದೆ. ಅದಕ್ಕಾಗಿ ಶಾಲೆಗೆ ಸೇರಿಸುವಾಗ ತುಂಬಿಸುವ ಮನೆಭಾಷೆಯ ಅರ್ಜಿಯಲ್ಲಿ ಸಂಕೋಚವಿಲ್ಲದೆ ಕನ್ನಡ ಎಂದೇ ಬರೆಯಿರಿ. ‘ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ’ ಎಂದು ಇಂದಿಗೂ ಕೆಲವರು ಸಲಹೆ ಕೊಡುತ್ತಾರೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ, ಮಾತಿನ ತೊಡಕೂ ಹುಟ್ಟುವುದಿಲ್ಲ. ಅಜ್ಜಿಯೊಂದಿಗೆ ಆಡುವ ನಾಲ್ಕು ಮಾತನ್ನು ಆ ಮಗುವಿನಿಂದ ದಯವಿಟ್ಟು ಕಿತ್ತುಕೊಳ್ಳಬೇಡಿ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ನಿಮ್ಹಾನ್ಸ್‌ನಲ್ಲೋ ತೋರಿಸಿದ್ದರೆ ಆ ವರದಿಗಳ ಪ್ರತಿ ತನ್ನಿ. ಶಾಲೆ ಅವನ್ನು ಪರಿಗಣಿಸಬೇಕು, ಆದರೂ ತನ್ನದೇ ಪರೀಕ್ಷೆ ಮಾಡುತ್ತದೆ. ವೈದ್ಯರ ರೋಗನಿರ್ಣಯ ಬೇರೆ, ಶಾಲೆಯ ಅರ್ಹತೆ ಬೇರೆ. ಕಾನೂನು ಹೆಸರಿಸಿದ 13 ವರ್ಗಗಳಲ್ಲಿ ಒಂದಕ್ಕೆ ಮಗು ಸೇರಬೇಕು ಮತ್ತು ಅದರಿಂದಾಗಿ ವಿಶೇಷ ಬೋಧನೆಯ ಅಗತ್ಯ ಇರಬೇಕು. ಊರಿನಲ್ಲಿ ಮಾಡಿಸಿದ ಅಂಗವೈಕಲ್ಯದ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್‌ನಿಂದ ಇಲ್ಲಿ ಅರ್ಹತೆ ಬರುವುದಿಲ್ಲ.

ಆ ಬಳಿಕ ಬರುವುದು ಐಇಪಿ ಸಭೆ. ಐಇಪಿ ಎಂದರೆ ಆ ಒಂದು ಮಗುವಿಗಾಗಿಯೇ ಬರೆದ ಶಿಕ್ಷಣದ ಯೋಜನೆ: ಈಗ ಏನು ಬರುತ್ತದೆ, ವರ್ಷದೊಳಗೆ ಏನು ಬರಬೇಕು, ಅದಕ್ಕೆ ವಾರಕ್ಕೆ ಎಷ್ಟು ನಿಮಿಷ ಯಾವ ಸೇವೆ, ಎಲ್ಲಿ, ಯಾರಿಂದ. ಸ್ಪೀಚ್ ಥೆರಪಿ, ಬರೆಯುವುದು, ಗುಂಡಿ ಹಾಕುವುದು ಮುಂತಾದ ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಶನಲ್ ಥೆರಪಿ, ಬೇಕಿದ್ದರೆ ಶಾಲೆಗೆ ಹೋಗಿಬರುವ ವಾಹನ, ತರಗತಿಯಲ್ಲಿ ಜೊತೆಗಿರುವ ಸಹಾಯಕಿ ಎಲ್ಲವೂ ಇದರಲ್ಲಿ ಸೇರಬಹುದು. ಬೆಂಗಳೂರಿನ ಎಷ್ಟೋ ಖಾಸಗಿ ಶಾಲೆಗಳಲ್ಲಿ ಶ್ಯಾಡೋ ಟೀಚರ್‌ಗೆ ತಂದೆ ತಾಯಿಯೇ ಸಂಬಳ ಕೊಡುತ್ತಾರೆ. ಇಲ್ಲಿ ಐಇಪಿಯಲ್ಲಿ ಬರೆದ ಸೇವೆಯ ಖರ್ಚು ಡಿಸ್ಟ್ರಿಕ್ಟ್‌ನದು. ಬರೆಯದೆ ಬಿಟ್ಟದ್ದು ಸಿಗುತ್ತದೆಂಬ ಭರವಸೆ ಇಲ್ಲ. ಸಾಧ್ಯವಾದಷ್ಟೂ ಮಗು ಉಳಿದ ಮಕ್ಕಳ ಜೊತೆಯಲ್ಲೇ ಕಲಿಯಬೇಕು ಎಂಬುದು ಕಾನೂನಿನ ಇನ್ನೊಂದು ನಿಯಮ. ಪ್ರತ್ಯೇಕ ತರಗತಿಗೆ ಕಳಿಸುವ ಮಾತು ಬಂದರೆ, ಸಾಮಾನ್ಯ ತರಗತಿಯಲ್ಲಿ ಯಾವ ಸಹಾಯ ಕೊಟ್ಟು ನೋಡಿದ್ದೀರಿ ಎಂದು ಕೇಳಿ.

ನನ್ನ ಮಗಳ ಮೊದಲ ಸಭೆಯಲ್ಲಿ ಮೇಜಿನ ಸುತ್ತ ಏಳು ಜನ ಕುಳಿತಿದ್ದರು. ನಲವತ್ತು ಪುಟದ ವರದಿಯನ್ನು ಅಲ್ಲೇ ಕೊಟ್ಟು, ಅಲ್ಲೇ ಓದಿದರು. ನಾನು ತಲೆಯಾಡಿಸುತ್ತ ಹೋದೆ, ಕೊನೆಗೆ ತೋರಿಸಿದ ಕಡೆ ಸಹಿ ಹಾಕಿದೆ. ಅವಳಿಗೆ ಬೇಕಾಗಿದ್ದುದು ಓದುವ ತೊಡಕಿಗೆ ಸಹಾಯ; ಅದರ ಬಗ್ಗೆ ಒಂದು ಗುರಿಯೂ ಅದರಲ್ಲಿ ಇರಲಿಲ್ಲ. ಅದು ನನ್ನ ಅರಿವಿಗೆ ಬರಲು ಒಂದು ವರ್ಷ ಹಿಡಿಯಿತು. ಆ ನೋವಿನಿಂದಲೇ ಈ ಮಾತುಗಳನ್ನು ಬರೆಯುತ್ತಿದ್ದೇನೆ. ವರದಿಗಳು ಸಭೆಗೆ ಒಂದು ವಾರ ಮೊದಲೇ ಬೇಕೆಂದು ಇಮೇಲ್‌ನಲ್ಲಿ ಕೇಳಿ. ಕನ್ನಡ ದುಭಾಷಿ ಬೇಕಿದ್ದರೆ ಶಾಲೆ ಉಚಿತವಾಗಿ ಒದಗಿಸಬೇಕು. ಫೋನ್ ಮೂಲಕ ಸಿಗುವುದೇ ಹೆಚ್ಚಾದ್ದರಿಂದ ಬೇಗ ತಿಳಿಸಿ. ಮಗುವಿನ ಅಣ್ಣನನ್ನೋ ಅಕ್ಕನನ್ನೋ ದುಭಾಷಿಯಾಗಿ ಕೂರಿಸಬೇಡಿ. ಮಗುವನ್ನು ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯುವ ಹಕ್ಕು ನಿಮಗಿದೆ. 24 ಗಂಟೆ ಮೊದಲು ತಿಳಿಸಿದರೆ ಸಭೆಯ ಧ್ವನಿಮುದ್ರಣವನ್ನೂ ಮಾಡಿಕೊಳ್ಳಬಹುದು. ಸಹಿಯನ್ನು ಅಂದೇ ಮಾಡಬೇಕಾಗಿಲ್ಲ, ಮನೆಗೆ ತಂದು ಓದಿ. ಒಪ್ಪಿಗೆಯಾದ ಭಾಗಕ್ಕಷ್ಟೇ ಸಹಿ ಮಾಡಿ, ಒಪ್ಪದ ಭಾಗವನ್ನು ಬರೆದು ತಿಳಿಸಿದರೆ ಒಪ್ಪಿದ ಸೇವೆಗಳು ಶುರುವಾಗುತ್ತವೆ. ನೀವು ಆ ಮೇಜಿನಲ್ಲಿ ಅತಿಥಿಯಲ್ಲ. ಕಾನೂನಿನ ಪ್ರಕಾರ ತಂಡದ ಸದಸ್ಯರು. ವರ್ಷಕ್ಕೊಮ್ಮೆಯಾದರೂ ಐಇಪಿಯ ಪರಿಶೀಲನೆ, ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ನಡೆಯುತ್ತದೆ. ನಡುವೆ ಬೇಕೆನಿಸಿದರೆ ನೀವೇ ಸಭೆ ಕರೆಯಬಹುದು, ಮತ್ತೆ ಬರಹದಲ್ಲಿಯೇ.

ವಿಶೇಷ ಬೋಧನೆ ಬೇಡ, ಪರೀಕ್ಷೆಗೆ ಹೆಚ್ಚಿನ ಸಮಯ, ಮುಂದಿನ ಸಾಲಿನಲ್ಲಿ ಜಾಗ ಇಷ್ಟು ಸಾಕು ಎನ್ನುವ ಮಕ್ಕಳಿಗೆ 504 ಪ್ಲಾನ್ ಇದೆ. ಇದರ ಮೂಲ 1973ರ ಬೇರೊಂದು ಕಾನೂನು.

ಶಾಲೆಯ ಪರೀಕ್ಷೆಯೇ ಸರಿಯಿಲ್ಲ ಎನಿಸಿದರೆ ಹೊರಗಿನ ತಜ್ಞರಿಂದ ಮರುಪರೀಕ್ಷೆಯನ್ನು ಡಿಸ್ಟ್ರಿಕ್ಟ್ ಖರ್ಚಿನಲ್ಲಿ ಕೇಳಬಹುದು. ಆಗ ಅವರು ಖರ್ಚು ಕೊಡಬೇಕು, ಇಲ್ಲವೇ ತಮ್ಮ ಪರೀಕ್ಷೆ ಸರಿಯಿದೆ ಎಂದು ವಿಚಾರಣೆಯಲ್ಲಿ ಸಾಧಿಸಬೇಕು. ಬರೆದ ಸೇವೆಯನ್ನು ಕೊಡದಿದ್ದರೆ ಒಂದು ವರ್ಷದೊಳಗೆ ರಾಜ್ಯದ ಶಿಕ್ಷಣ ಇಲಾಖೆಗೆ ದೂರು ಕೊಡಬಹುದು. ಅದಕ್ಕೆ ವಕೀಲರು ಬೇಕಿಲ್ಲ. ಪ್ರತಿ ರಾಜ್ಯದಲ್ಲೂ ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಪಾಲಕರ ಮಾಹಿತಿ ಕೇಂದ್ರಗಳಿವೆ. ನಮ್ಮ ಕಡೆಯವರು ಸ್ಯಾನ್ ಹೋಸೆಯ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್ ಸಂಸ್ಥೆಯನ್ನು ಕೇಳಬಹುದು.

ಜನ ಏನೆಂದುಕೊಳ್ಳುತ್ತಾರೋ ಎಂದು ಸಂಘದವರಿಂದಲೂ ಮುಚ್ಚಿಟ್ಟುಕೊಂಡ ಮನೆಗಳನ್ನು ನೋಡಿದ್ದೇನೆ. ಶಾಲೆಯ ಈ ಕಡತಗಳು ಗೋಪ್ಯವಾಗಿರುತ್ತವೆ; ಕಾನೂನು ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ ನಿಮ್ಮ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ಕೊಡುವಂತಿಲ್ಲ. ಹೇಳಿಕೊಳ್ಳಬೇಕೆನಿಸಿದರೆ ನಮ್ಮಲ್ಲಿಯೇ ಈ ದಾರಿ ನಡೆದವರಿದ್ದಾರೆ, ಸಭೆಗೆ ಜೊತೆ ಬರುತ್ತಾರೆ.

ಕೆಲಸ ಬದಲಾಗಿ ಊರು ಬಿಡಬೇಕಾಗಿ ಬಂದರೆ ಹೊಸ ಶಾಲೆಗೆ ಮೊದಲ ದಿನವೇ ಐಇಪಿಯ ಪ್ರತಿ ಕೊಡಿ. ಅವರು ತಮ್ಮದೇ ಯೋಜನೆ ಸಿದ್ಧಪಡಿಸುವವರೆಗೂ ಹಳೆಯದಕ್ಕೆ ಸಮನಾದ ಸೇವೆ ಕೊಡಬೇಕು. ಇದು ಬೇರೆ ರಾಜ್ಯಕ್ಕೆ ಹೋದರೂ ಅನ್ವಯಿಸುತ್ತದೆ. ಹಳೆಯ ಶಾಲೆಯಿಂದ ಕಾಗದಗಳು ತಾವಾಗಿ ಬರಲು ವಾರಗಳೇ ಹಿಡಿಯಬಹುದು. ಹಾಗಾಗಿ ಆ ಫೈಲನ್ನು ಸಾಮಾನಿನ ಲಾರಿಗೆ ಹಾಕದೆ, ಪಾಸ್‌ಪೋರ್ಟ್‌ಗಳ ಜೊತೆ ಕೈಚೀಲದಲ್ಲಿ ಇಟ್ಟುಕೊಳ್ಳಿ.